ಗಡಿಗೆ ಒಡೆದು ತೆಗೆದ ಮುಖ

ನೆನೆದ ಕಾಗದಕ್ಕೆ ಮೆಂತ್ಯ ಬೆರೆತಾಗ ಏಳುವ ಕಹಿ ವಾಸನೆ ನಿಮಗೆ ಗೊತ್ತಿದ್ದರೆ, ನಿಮ್ಮ ಮನೆಯಲ್ಲೂ ನಮ್ಮಜ್ಜಿಯಂಥವಳೊಬ್ಬಳು ಇದ್ದಿರಬೇಕು. ಮೊನ್ನೆ ಹಿಂದೂಪುರದ ನಮ್ಮ ಬಾಡಿಗೆ ಮನೆಯ ಬಾಗಿಲು ತಳ್ಳಿದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ತಂಗಿ ಗೌರಿ ಬೀದಿಯ ಚಿಕ್ಕ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಅವರ ಕೈಯಲ್ಲಿ ಕಾಗದ ಹರಿಸುತ್ತಿದ್ದಳು. ನಾನು ಹೊಸ್ತಿಲಲ್ಲೇ ಎಂಟು ವರ್ಷದವನಾಗಿಬಿಟ್ಟೆ.

ಕಲ್ಯಾಣದುರ್ಗದ ಅಜ್ಜಿಮನೆಯ ಪಡಸಾಲೆಯಲ್ಲಿ ಬೇಸಿಗೆ ಬಂದರೆ ಇದೇ ಕೆಲಸ. ಹಳೆಯ ತೆಲುಗು ಪೇಪರು ಮೂರು ದಿನ ಕೊಪ್ಪರಿಗೆಯಲ್ಲಿ ನೆನೆಯಬೇಕು, ನೆನೆಸಿದ ಮೆಂತ್ಯ ಸೇರಿಸಿ ಒರಳಲ್ಲಿ ಕುಟ್ಟಬೇಕು, ಬೋರಲು ಹಾಕಿದ ಗಡಿಗೆಗೆ ಬೂದಿ ಸವರಿ ಅದರ ಮೇಲೆ ಮೆತ್ತಬೇಕು. ಒಣಗಿದರೆ ಬುಟ್ಟಿ. ನನ್ನ ಲೆಕ್ಕದ ಉತ್ತರಪತ್ರಿಕೆಗಳಿಂದ ಲೋಕಕ್ಕಾದ ಉಪಕಾರ ಆ ಬುಟ್ಟಿಗಳಷ್ಟೇ. ಕಾಗದ ಹರಿಯುವವಳು ನಾಲ್ಕು ವರ್ಷದ ಗೌರಿ, ಕುಟ್ಟುವವಳು ಅಜ್ಜಿ. ಗದ್ದಲದ ಗುತ್ತಿಗೆ ನನ್ನದು. ಬಸ್ಸಿನ ಕಂಡಕ್ಟರು, ಎದುರುಮನೆ ಸರೋಜಮ್ಮ, ನಮ್ಮ ಮೇಷ್ಟ್ರು, ಎಲ್ಲರೂ ನನ್ನ ಗಂಟಲಲ್ಲಿ ವಾಸವಾಗಿದ್ದರು. ಗೌರಿಗೆ ಮಾತ್ರ ದನಿಯೇ ಇರಲಿಲ್ಲ. ಒಂದು ಜ್ವರ ಬಂದು ಹೋದಮೇಲೆ ಆರು ತಿಂಗಳಿಂದ ಅವಳು ತುಟಿ ಬಿಚ್ಚಿರಲಿಲ್ಲ. ಕಿವಿ, ಗಂಟಲು ಸರಿಯಾಗಿವೆ ಎಂದಿದ್ದರು ಡಾಕ್ಟರು. ಸರೋಜಮ್ಮ ಬಂದಾಗಲೆಲ್ಲ “ಪಾಪಂ, ಇಂಗೇ ಉಳ್ಕಂಬುಟ್ರೆ ಏನ್ ಗತಿ ಕಣಮ್ಮ?” ಅನ್ನುವಳು, ಅಮ್ಮ ಸೆರಗು ಕಣ್ಣಿಗೊತ್ತುವಳು. ನಾನೋ, ಜಾಣ, ಬೆಳುಗುಪ್ಪ ಬಸ್ಸಿನ ಕಂಡಕ್ಟರ ದನಿಯಲ್ಲಿ ಕೂಗುತ್ತಿದ್ದೆ: “ಬೆಳುಗುಪ್ಪ, ಬೆಳುಗುಪ್ಪ! ಗೌರಿ ಮೂಗಿ ಬಂದ್ಲು, ಜಾಗ ಬುಡ್ರಪ್ಪೋ!”

ಅಜ್ಜಿ ಬೈಯಲಿಲ್ಲ. ಅವಳು ಮಾತಾಡುತ್ತಿದ್ದುದೇ ಅಪರೂಪ. ಒಂದು ಮುದ್ದೆ ಕಾಗದ ನನ್ನ ಕೈಗಿಟ್ಟು, “ಊರೋರ ಮೂತಿಯೆಲ್ಲ ಮಾಡ್ತೀಯಲ್ಲ, ನಿನ್ ಮೂತಿ ಮಾಡು ನೋಡಾನ,” ಅಂದಳು. ಗಡಿಗೆಯ ಮೇಲೆ ಮೆತ್ತಿದೆ. ಬದನೆಕಾಯಿಯಂಥ ಮೂಗು, ಕಿವಿಯವರೆಗೆ ಹರಿದ ಬಾಯಿ. ನನ್ನನ್ನು ಕಂಡವರು ಹೋಲಿಕೆ ಇಲ್ಲ ಅನ್ನಲಾರರು. ಆದರೆ ಬಡಾಯಿಯ ಭರದಲ್ಲಿ ಬೂದಿ ಸವರಲು ಮರೆತಿದ್ದೆ. ಬಿಸಿಲಲ್ಲಿ ಒಣಗಿದ ಮುಖ ಗಡಿಗೆಯನ್ನು ಕಚ್ಚಿ ಹಿಡಿಯಿತು. ಅದು ಅಜ್ಜಿಯ ನೀರಿನ ಗಡಿಗೆ, ಅವಳಿಗೆ ಅಚ್ಚುಮೆಚ್ಚಿನದು. ಎರಡು ಸಲ ಅಲುಗಿಸಿ ನೋಡಿದವಳೇ ಕಲ್ಲೆತ್ತಿ ಒಡೆದಳು.

“ಅಯ್ಯೋ ಅಜ್ಜೀ, ಗಡಿಗೆ!”

“ಗಡಿಗೆ ಸಂತೇಲಿ ಸಿಗ್ತೈತೆ ಕಣ್ಲಾ. ನಿನ್ ಮೂತಿ ಎಲ್ಲಿ ಸಿಗ್ತೈತೆ?”

ಚೂರುಗಳ ನಡುವಿನಿಂದ ಆ ಮುಖವನ್ನೆತ್ತಿಕೊಂಡವಳು ಗೌರಿ. ತನ್ನ ಮುಖಕ್ಕೆ ಹಿಡಿದಳು. ಆಮೇಲೆ ಆ ಹರಿದ ಬಾಯಿಯೊಳಗಿಂದ ನನ್ನ ದನಿ, ನನ್ನದೇ ಎಳೆತ, ಬಂತು: “ಬೆಳುಗುಪ್ಪ, ಬೆಳುಗುಪ್ಪ! ಗೌರಿ ಮೂಗಿ ಬಂದ್ಲು...” ಅಮ್ಮನ ಕೈಯ ಚೊಂಬು ಜಾರಿತು. ಆರು ತಿಂಗಳು ಬಾಯಿ ಮುಚ್ಚಿಕೊಂಡು ಆ ಪುಟ್ಟ ಜೀವ ನನ್ನನ್ನು ಎಷ್ಟು ನಿಖರವಾಗಿ ಕೇಳಿಸಿಕೊಂಡಿತ್ತು! ಅಮ್ಮ ಓಡಿ ಬಂದು ಮುಖ ತೆಗೆಯಹೋದರೆ ಅಜ್ಜಿ ಒದ್ದೆ ಕೈ ಅಡ್ಡ ಚಾಚಿದಳು. “ಬುಡು, ಅವ್ಳೇ ತೆಗೀತಾಳೆ.” ಹನ್ನೊಂದು ದಿನ ಗೌರಿ ನನ್ನ ಮೂತಿ ಹೊತ್ತು ಮಾತಾಡಿದಳು. ಹನ್ನೆರಡನೆಯ ದಿನ ಅದನ್ನು ಗೂಟಕ್ಕೆ ನೇತುಹಾಕಿ, ಬರಿಮುಖದಲ್ಲಿ ಬಂದು, “ಅಜ್ಜೀ, ಹೊಟ್ಟೆ ಹಸೀತೈತೆ, ಮುದ್ದೆ ಹಾಕು,” ಅಂದಳು.

ಆ ಗೂಟ ಈಗಿಲ್ಲ, ಗೋಡೆಯಿಲ್ಲ; ಮನೆಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಅಜ್ಜಿ ಹೋಗಿ ಆರು ವರ್ಷ. ಊರಿಗೂರನ್ನೇ ಅಣಕಿಸುವ ನನಗೆ ಅವಳ ದನಿ ಮಾತ್ರ ಇವತ್ತಿಗೂ ಹತ್ತಿಲ್ಲ. ಮೊನ್ನೆ ಅದನ್ನೇ ಹೇಳಿದೆ. ಗೌರಿ ನಕ್ಕಳು. “ಅಣ್ಣಾ, ನೀನು ಬಾಯಲ್ಲಿ ಹುಡುಕ್ತಾ ಇದೀಯ,” ಎಂದು ಒನಕೆ ಹಿಡಿದಳು. ಎರಡು ಪೆಟ್ಟು, ಎಡಗೈಯಲ್ಲಿ ಕಾಗದದ ಹಿಟ್ಟು ಮಗುಚುವಷ್ಟು ಮೌನ, ಮತ್ತೆ ಎರಡು ಪೆಟ್ಟು, ಅಜ್ಜಿ ಕುಟ್ಟುತ್ತಿದ್ದ ಹಾಗೆಯೇ. ಮಕ್ಕಳೆಲ್ಲ ಕೈ ನಿಲ್ಲಿಸಿದರು. ನಾನು ಕಣ್ಣು ಮುಚ್ಚಿ, ಆ ಮೌನಕ್ಕಾಗಿ ಪ್ರತಿ ಸಲವೂ ಕಾಯುತ್ತ ಕೂತೆ.