ಬಸ್ ಸ್ಟ್ಯಾಂಡಿಗೆ ದೇವರು ಬಂದದ್ದು

ವನಗೂರು ರಸ್ತೆಯ ನಮ್ಮೂರ ಬಸ್ ಸ್ಟ್ಯಾಂಡನ್ನು ಸರ್ಕಾರ ಕಟ್ಟಿಸಿದ್ದು ಬಸ್ಸಿಗೆ ಕಾಯುವವರಿಗೆ. ಆದರೆ ಗಂಡಸರು ಅದರ ಮೂಲೆಯನ್ನು ಬೇರೆ ಕೆಲಸಕ್ಕೇ ಮೀಸಲಿಟ್ಟಿದ್ದರು. ಗೋಡೆ ತುಂಬ ಎಲೆ ಅಡಿಕೆಯ ಉಗುಳು, ಮೂಗು ಮುಚ್ಚದೆ ಒಳಗೆ ಕೂರುವ ಹಾಗಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ಪಂಚಾಯ್ತಿ ಮೆಂಬರಾಗಿದ್ದ ಅಪ್ಪ ಇದಕ್ಕೊಂದು ಮದ್ದು ಹುಡುಕಿದರು. ಸಕಲೇಶಪುರದಿಂದ ದೇವರ ಚಿತ್ರದ ಟೈಲ್ಸ್ ತಂದು ಗಾರೆಯವನಿಂದ ಗೋಡೆಗೆ ಹಾಕಿಸಿಬಿಟ್ಟರು.

ಊರಿನ ನಿವೃತ್ತ ಮೇಷ್ಟ್ರೊಬ್ಬರು ತಕರಾರು ತೆಗೆದರು. ಸರ್ಕಾರದ ಕಟ್ಟಡ ಎಲ್ಲರದೂ, ದೇವರು ಗುಡಿಯಲ್ಲಿದ್ದರೆ ಸಾಲದೇ ಎಂದರು. ದೇವರಿದ್ದರೆ ಯಾರ ಗಂಟು ಹೋಗುತ್ತದೆ ಎಂದು ಅಪ್ಪ ನಕ್ಕರು. ನಾನೂ ಅಪ್ಪನ ಬುದ್ಧಿವಂತಿಕೆಗೆ ಬೀಗಿದೆ. ಬೀಗದೆ ಏನು, ವಾರದೊಳಗೆ ಅಲ್ಲಿ ಉಗುಳುವುದೇ ನಿಂತುಹೋಯಿತು.

ಆಮೇಲೆ ಯಾರೋ ಹೂವಿಟ್ಟರು, ಯಾರೋ ದೀಪ ಹಚ್ಚಿದರು, ಮತ್ಯಾರೋ ಗಂಟೆ ತೂಗುಹಾಕಿದರು. ಗಣೇಶನ ಮಾಡಲು ಹೋಗಿ ಅವರಪ್ಪನ ಮಾಡಿದ ಹಾಗಾಯಿತು. ಬಸ್ ಸ್ಟ್ಯಾಂಡು ಗುಡಿಯಾಯಿತು.

ಗುಡಿ ಎಂದಮೇಲೆ ಮುಟ್ಟಾದವರು ಒಳಗೆ ಹೋಗುವುದುಂಟೇ? ಯಾರೂ ಬೋರ್ಡು ಬರೆಸಲಿಲ್ಲ, ಬರೆಸುವ ಅಗತ್ಯವೂ ಇರಲಿಲ್ಲ. ಮನೆಯಲ್ಲಿ ಅಪ್ಪನಿಗೂ ಗೊತ್ತಾಗದ ಹಾಗೆ ನಾನೂ ಅಮ್ಮನೂ ಮುಚ್ಚಿಟ್ಟುಕೊಳ್ಳುತ್ತಿದ್ದ ಸಂಗತಿ ಈಗ ರಸ್ತೆಯಲ್ಲಿ ಬಯಲಾಗುತ್ತಿತ್ತು. ಮಳೆಯಲ್ಲಿ ಕೊಡೆ ಹಿಡಿದು ಹೊರಗೆ ನಿಂತರೆ ಸಾಕು, ಒಳಗೆ ಬೆಂಚಿನ ಮೇಲಿದ್ದ ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಪಕ್ಕದ ಎಸ್ಟೇಟಿನ ಕೂಲಿಯವರ ಲೈನಿನಿಂದ ಬರುತ್ತಿದ್ದ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಮಾತ್ರ ಹೊರಗೆ ನನ್ನ ಪಕ್ಕ ನಿಲ್ಲುತ್ತಿದ್ದಳು. ನನಗೆ ಜೊತೆಯಾಗಲೆಂದೇ ನಿಂತಿದ್ದಾಳೆ ಎಂದುಕೊಂಡು ಕೊಡೆಯನ್ನು ಅವಳ ಕಡೆಗೂ ವಾಲಿಸುತ್ತಿದ್ದೆ.

ಕೊನೆಗೆ ಆ ದಿನಗಳಲ್ಲಿ ಹೊಟ್ಟೆನೋವೆಂದು ಸ್ಕೂಲಿಗೇ ಹೋಗದಾದೆ. ಹಾಜರಿ ಹೀಗೇ ಕಡಿಮೆಯಾದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಹೆಡ್‌ಮಾಸ್ಟರು ಅಪ್ಪನನ್ನು ಕರೆಸಿ ಹೇಳಿದರು. ಅಪ್ಪ ಮನೆಗೆ ಬಂದವರೇ ನನ್ನ ಮೇಲೆ ಕೂಗಾಡಿದರು. ಅಮ್ಮ ಅಡುಗೆಮನೆಯಿಂದ ಈಚೆಗೆ ಬಂದಳು.

"ಅವ್ಳಿಗೆ ಯಾಕ್ ಬೈತೀರ? ಮುಟ್ಟಾದಾಗ ಹೆಣ್ಮಕ್ಳು ನಿಂತ್ಕಳಕೆ ನಿಮ್ ಬಸ್ ಸ್ಟ್ಯಾಂಡಲ್ಲಿ ಎಲ್ಲೈತೆ ಜಾಗ?"

ಮುಂದಿನ ತಿಂಗಳು ಅಮ್ಮ ಹೇಳಿದ ದಿನ ಅಪ್ಪ ಏನೂ ಕೇಳದೆ ಜೀಪು ತೆಗೆದು ನನ್ನನ್ನು ಕೂರಿಸಿಕೊಂಡರು. ಬಸ್ ಸ್ಟ್ಯಾಂಡಿನ ಹತ್ತಿರ ಬಂದಾಗ ಜೋರು ಮಳೆ. ಲೈನಿನ ಹುಡುಗಿ ಪ್ಲಾಸ್ಟಿಕ್ ಹೊದ್ದುಕೊಂಡು ಹೊರಗೆ ನಿಂತಿದ್ದಳು. ಅವಳದೂ ನನ್ನದೇ ಕಷ್ಟ ಎಂದುಕೊಂಡ ಅಪ್ಪ ಜೀಪು ನಿಲ್ಲಿಸಿ, ನೀನೂ ಹತ್ತಮ್ಮ, ನಾಚಿಕೆ ಪಡಬೇಡ, ನನಗೆ ಗೊತ್ತಿದೆ ಎಂದರು.

"ನಂಗೆ ಅದೇನಿಲ್ಲ ಗೌಡ್ರೆ," ಎಂದಳು. "ನಮ್ ಲೈನಿನೋರು ಯಾರೂ ಒಳಕ್ಕೆ ಹೋಗಲ್ಲ. ನೀವು ದ್ಯಾವ್ರನ್ನ ಕೂರ್ಸಿದಾಗಿಂದ."

ಸಿಟ್ಟಿನಿಂದ ಹೇಳಲಿಲ್ಲ, ಬಸ್ಸು ತಡ ಎನ್ನುವ ಹಾಗೆ ಹೇಳಿದಳು. ಅವರ ಜಾತಿಯವರಿಗೆ ಊರ ಗುಡಿಯೊಳಗೆ ಪ್ರವೇಶವಿಲ್ಲವೆಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ಮಿಕ್ಕ ದಿನಗಳಲ್ಲಿ ನಾನು ಬೆಂಚಿನ ಮೇಲೆ ಕೂತು ಹರಟುವಾಗ ಅವಳು ಎಲ್ಲಿರುತ್ತಾಳೆಂದು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಅವಳು ಜೀಪು ಹತ್ತಲೂ ಇಲ್ಲ.

ಅಪ್ಪ ಅದೇ ಗಾರೆಯವನಿಗೆ ಟೈಲ್ಸ್ ಕೀಳಲು ಹೇಳಿಕಳಿಸಿದರು. ಹಾಕು ಎಂದರೆ ಹಾಕಿದೆ, ದೇವರ ಮುಖಕ್ಕೆ ಉಳಿ ಇಡುವ ಪಾಪ ನನಗೆ ಬೇಡ ಎಂದು ಅವನು ಬರಲಿಲ್ಲ. ಭಾನುವಾರ ಅಪ್ಪ ತಾವೇ ಸುತ್ತಿಗೆ, ಉಳಿ ಹಿಡಿದು ಹೊರಟರು. ನಾನೂ ಹಿಂದೆ ಹೋದೆ, ಇನ್ನು ಲೈನಿನ ಹುಡುಗಿಗೆ ಮುಖ ತೋರಿಸಬಹುದು ಎಂಬ ಆಸೆಯಿಂದ. ಬಸ್ ಸ್ಟ್ಯಾಂಡಿನ ಮೆಟ್ಟಿಲ ಹತ್ತಿರ ಅಪ್ಪ ನಿಂತು, ಸುತ್ತಿಗೆಯನ್ನು ಕಂಕುಳಿಗೆ ಸೇರಿಸಿಕೊಂಡು, ಚಪ್ಪಲಿ ಬಿಟ್ಟು ಒಳಗೆ ಹೋದರು. ಅವರಿಂದಾಗುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.