ಗೂಡಲೂರಿನಲ್ಲಿ ನಿಲ್ಲುವ ಬಸ್ಸು

ನಮ್ಮ ಮಾವನವರಿಗೆ ಊಟಿ ನೋಡುವ ಹುಚ್ಚು ಹತ್ತಿದ್ದು ಎಡತೊರೆ ಕಡೆಯ ಬೀಗರೊಬ್ಬರ ದೆಸೆಯಿಂದ. ಅವರು ಬೇಸಿಗೆಯಲ್ಲಿ ಊಟಿಗೆ ಹೋಗಿ, ಅಲ್ಲಿ ಕೊಂಡ ಉಣ್ಣೆ ಕೋಟನ್ನು ತೊಟ್ಟುಕೊಂಡೇ ನಮ್ಮ ಮನೆಗೆ ಬಂದು, ಜಗಲಿಯ ಮೇಲೆ ಬೆವರು ಸುರಿಸುತ್ತ ಕೂತಿದ್ದರು. ಮಹಾರಾಜರು ಬೇಸಿಗೆ ಕಳೆಯುವ ಊರು, ಇಂಗ್ಲಿಷರ ಸೀಮೆ, ಅಲ್ಲಿ ನಮ್ಮ ಮೈಸೂರು ಪೊಲೀಸರ ಆಟ ನಡೆಯುವುದಿಲ್ಲ ಅಂತೆಲ್ಲ ಬಡಾಯಿ ಕೊಚ್ಚಿದರು. ಮಾವ ಎಲೆ ಅಡಿಕೆ ಅಗಿಯುತ್ತ ಕೇಳಿಸಿಕೊಂಡರು. ಬೀಗರ ಗಾಡಿ ಬೀದಿ ತಿರುಗುವುದಕ್ಕೆ ಮುಂಚೆಯೇ, "ನಾವೂ ಓಗ್ಬರಾಣ" ಅಂದರು.

ಎಡತೊರೆಯನ್ನು ಆಗಲೇ ಕೃಷ್ಣರಾಜನಗರ ಅಂತ ಕರೆಯಬೇಕು ಅಂತ ಆಗಿತ್ತು, ನಮ್ಮ ಬಾಯಿಗೆ ಅದು ಹತ್ತಿರಲಿಲ್ಲ. ಹುಣಸೂರಿಗೂ ಅದಕ್ಕೂ ನಡುವೆ ನಮ್ಮ ಹಳ್ಳಿ. ಹೊಗೆಸೊಪ್ಪು ಬೆಳೆಯುವ ಹೊಲ, ಕಾಲುವೆಯ ಕೆಳಗೆ ಗದ್ದೆ, ಊಟಕ್ಕೆ ಬಟ್ಟೆಗೆ ಯಾವ ಕೊರತೆಯೂ ಇರಲಿಲ್ಲ. ನಾನು ಸೊಸೆಯಾಗಿ ಬಂದು ಇನ್ನೂ ಹೊಸದು. ಮನೆಯಲ್ಲಿ ಮಾವ, ಅತ್ತೆ, ನನ್ನ ಗಂಡ, ನಾನು. ಇವರಲ್ಲದೆ ಗಂಡನಿಗೆ ಒಬ್ಬ ಅಕ್ಕ ಇದ್ದರು. ಆಕೆಯನ್ನು ಮಾವ ಸಾಯಿಸಿದ್ದರು.

ಸಾಯಿಸಿದ್ದರು ಅಂದರೆ ಹೊಡೆದಲ್ಲ. ಹೊಗೆಸೊಪ್ಪು ಕೊಳ್ಳಲು ಬರುತ್ತಿದ್ದ ಮಲೆಯಾಳದ ವ್ಯಾಪಾರಿಯ ಜೊತೆ ಆಕೆ ಹೊರಟುಹೋದಾಗ ಮಾವ ಊರಿನವರನ್ನು ಕರೆಸಿ, ಅವರೆದುರಿಗೆ ತಾವೂ ತಲೆಗೆ ನೀರು ಹುಯ್ದುಕೊಂಡು, ಹೆಂಡತಿಗೂ ಮಗನಿಗೂ ಹುಯ್ಯಿಸಿ, ಹೆಣವಿಲ್ಲದ ಸಾವಿಗೆ ತಿಥಿ ಮಾಡಿ ಊರಿಗೆಲ್ಲ ಊಟ ಹಾಕಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಕೋಪದಲ್ಲಿ ಮಾಡಿದರು ಅನ್ನಬಹುದಿತ್ತು. ಪ್ರತಿ ಪಿತೃಪಕ್ಷದಲ್ಲೂ ಹಿರಿಯರಿಗೆ ಎಡೆ ಇಡುವಾಗ ಮಗಳ ಪಾಲಿಗೂ ಒಂದು ಎಲೆ ಹಾಕಿಸುತ್ತಿದ್ದರು. ಬಡಿಸುವ ಕೆಲಸ ಅತ್ತೆಯದು. ಬದುಕಿರುವ ಮಗಳಿಗೆ ತಾಯಿ ಎಡೆ ಇಡುವುದನ್ನು ನಾನು ಆ ಮನೆಯಲ್ಲಿ ನೋಡಿದೆ. ಅತ್ತೆ ಬಡಿಸುವಾಗ ಮಾವ ಕಂಬಕ್ಕೆ ಒರಗಿ ನಿಂತು, ಆ ಎಲೆಗೆ ಉಪ್ಪಿನಕಾಯಿ ಬಿತ್ತೋ ಇಲ್ಲವೋ ಅಂತ ಮರೆಯದೆ ವಿಚಾರಿಸುತ್ತಿದ್ದರು.

ಸತ್ತಾಕೆ ಗೂಡಲೂರಿನಲ್ಲಿ ಸಂಸಾರ ಮಾಡಿಕೊಂಡಿದ್ದಾರೆ ಅನ್ನುವುದು ಊರಿಗೇ ಗೊತ್ತಿದ್ದ ಸಂಗತಿ. ಊಟಿಗೆ ಹೋಗುವ ದಾರಿಯಲ್ಲಿ, ಬಂಡೀಪುರದ ಕಾಡು ಕಳೆದು ಗಡಿ ದಾಟಿದ ಮೇಲೆ ಸಿಗುವ ಊರು. ಮೈಸೂರಿನ ಬಸ್ಸು ಘಟ್ಟ ಹತ್ತುವ ಮೊದಲು ಅಲ್ಲಿ ಕಾಫಿಗೆ ನಿಲ್ಲುತ್ತಿತ್ತು. ಅಲ್ಲಿಯೇ ಆ ಮಲೆಯಾಳದವನ ಅಂಗಡಿ. ಕೋಟೆ ತಾಲ್ಲೂಕಿನ ಕಡೆಯಿಂದ ನೀಲಗಿರಿಯ ತೋಟಗಳಿಗೆ ಆಳು ಕರೆದೊಯ್ಯುವ ಮೇಸ್ತ್ರಿಯೊಬ್ಬ ನಮ್ಮ ಊರಿಗೂ ಬರುತ್ತಿದ್ದ. ಆಕೆಗೆ ಒಂದು ಮಗುವಾಗಿದೆ ಅನ್ನುವ ಸುದ್ದಿಯನ್ನು ಅತ್ತೆಯ ಕಿವಿಗೆ ಹಾಕಿದವನು ಅವನೇ.

ಹೇಗೆ ಹೋಗುವುದು ಅನ್ನುವ ಪಂಚಾಯ್ತಿ ಜಗಲಿಯ ಮೇಲೆ ನಡೆಯಿತು. ನನ್ನ ಗಂಡನಿಗೆ ಬಾಡಿಗೆ ಕಾರೇ ಆಗಬೇಕು. ಹುಣಸೂರಿನಲ್ಲಿ ಒಂದು ಕಾರು ಸಿಗುತ್ತಿತ್ತು, ಮನೆ ಬಾಗಿಲಿಗೇ ಬಂದು ಹತ್ತಿಸಿಕೊಂಡು ಹೋಗುತ್ತದೆ, ಮಧ್ಯೆ ಎಲ್ಲೂ ನಿಲ್ಲಿಸಬೇಕಾಗಿಲ್ಲ ಅಂತ ಅವರ ವಾದ. ಪಕ್ಕದ ಮನೆಯ ಹಿರಿಯರೊಬ್ಬರು ರೈಲು ಅಂದರು. ಎಡತೊರೆಯಲ್ಲಿ ಹತ್ತಿ ಮೈಸೂರು, ಅಲ್ಲಿಂದ ಬೆಂಗಳೂರು, ಜೋಲಾರಪೇಟೆ, ಮೇಟುಪಾಳ್ಯ, ಕಡೆಗೆ ಬೆಟ್ಟದ ರೈಲು. ಊಟಿಗೆ ಹೋಗುವ ನೆಪದಲ್ಲಿ ಅರ್ಧ ದೇಶ ನೋಡಬಹುದು ಅಂತ ಅವರ ಲೆಕ್ಕ. ಗಂಡಸರು ಹೀಗೆ ಮಾತಾಡುತ್ತಿದ್ದಾಗ ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು.

"ಬಸ್ಸೇ ವಾಸಿ ಅಲ್ವರಾ?"

ಗಂಡಸರ ಮಾತಿನ ನಡುವೆ ಅತ್ತೆ ಬಾಯಿ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ಮಾವ ಬಾಗಿಲ ಕಡೆ ತಿರುಗಿ ನಕ್ಕರು. ಅತ್ತೆಯ ಮನಸ್ಸಿನಲ್ಲಿ ಏನಿದೆ ಅಂತ ಅವರಿಗೆ ಆ ಒಂದು ಮಾತಿನಲ್ಲೇ ತಿಳಿದುಹೋಗಿತ್ತು.

ಅವತ್ತೇ ಆಗಲ್ಲ ಅಂದಿದ್ದರೆ ಅತ್ತೆ ಒಂದು ಸಲ ಅತ್ತು ಸುಮ್ಮನಾಗುತ್ತಿದ್ದರು. ಮಾವ ಆಗಲ್ಲ ಅನ್ನಲಿಲ್ಲ. ಬೆಳಗ್ಗೆ ರೊಟ್ಟಿ ತಿನ್ನುತ್ತ ಕಾರು ಅನ್ನುವರು, ರಾತ್ರಿ ಉಣ್ಣುವಾಗ ಬಸ್ಸು ಅನ್ನುವರು, ಹೊಲದಿಂದ ಬರುತ್ತಲೇ ರೈಲು ಅನ್ನುವರು. ಬಸ್ಸು ಅಂದ ಹೊತ್ತು ಅತ್ತೆಯ ಕೈಯಲ್ಲಿ ಸಾರಿಗೆ ರುಚಿ ಬರುತ್ತಿತ್ತು, ಕಾರು ಅಂದ ಹೊತ್ತು ಮುದ್ದೆ ಗಂಟುಕಟ್ಟುತ್ತಿತ್ತು. ಗಂಟು ಸಿಕ್ಕಿದಾಗ ಮಾವ ಅದನ್ನು ತಟ್ಟೆಯ ಅಂಚಿಗೆ ಎತ್ತಿಟ್ಟು ನನಗೆ ತೋರಿಸಿ ನಗುತ್ತಿದ್ದರು. ಒಂದು ದಿನ ಹುಣಸೂರಿಂದ ಕಾರನ್ನೇ ಕರೆಸಿಬಿಟ್ಟರು. ಊರ ಮಕ್ಕಳೆಲ್ಲ ಸುತ್ತ ನೆರೆದವು. "ಅತ್ತಿ ಕೂತ್ಕಂಡ್ ನೋಡು, ಮೆತ್ತಗೈತಾ" ಅಂತ ಅತ್ತೆಯನ್ನು ಹತ್ತಿಸಿ ಊರ ಮುಂದಿನ ಅರಳಿಕಟ್ಟೆಯವರೆಗೆ ಕರೆದೊಯ್ದು ತಂದರು. ಇಳಿಯುವಾಗ ಅತ್ತೆಯ ಮುಖ ಬಿಳಿಚಿಕೊಂಡಿತ್ತು. "ಇವ್ಳಿಗೆ ಸೇರ್ನಿಲ್ಲ ಕಣ್ಲಾ, ನೀ ಓಗು" ಅಂತ ಡ್ರೈವರನನ್ನು ಕಳಿಸಿಬಿಟ್ಟರು. ನಾಯಿಗೆ ರೊಟ್ಟಿ ತೋರಿಸಿ ತೋರಿಸಿ ಹಿಂದಕ್ಕೆ ಎಳೆದುಕೊಳ್ಳುವವರನ್ನು ನೀವೂ ನೋಡಿರುತ್ತೀರಿ.

ಕಡೆಗೆ ಬಸ್ಸೇ ಅಂತ ಆಯಿತು. ಸೋಮವಾರ ಹೋಗುವುದು, ಶುಕ್ರವಾರ ಅದೇ ದಾರಿಯಲ್ಲಿ ವಾಪಸ್ಸು. ಅತ್ತೆ ಮೇಸ್ತ್ರಿಯನ್ನು ಹಿತ್ತಿಲಿಗೆ ಕರೆದು ಎರಡೂ ದಿನ ಹೇಳಿ, ಮಗಳಿಗೆ ಬಸ್ಸಿನ ಹತ್ತಿರ ಬರಲು ತಿಳಿಸುವಂತೆ ಬೇಡಿಕೊಂಡರು. ನಾನು ಕೊಟ್ಟಿಗೆಯ ಬಾಗಿಲಲ್ಲಿ ಕಾವಲು ನಿಂತಿದ್ದೆ.

ಹೊರಡುವ ಹಿಂದಿನ ಸಂಜೆ ಮಾವ ದೇವರ ಮುಂದೆ ದೀಪ ಹಚ್ಚಿಸಿದರು. ನನ್ನ ಗಂಡನನ್ನು ಮಣೆಯ ಮೇಲೆ ಕೂರಿಸಿ ಅತ್ತೆಯನ್ನು ಕರೆದರು.

"ನೀನ್ ಯಾಕ್ ಬಸ್ಸು ಅಂದೆ ಅಂತ ನಂಗೊತ್ತು. ಬೇಡ ಅನ್ನಾಕಿಲ್ಲ, ನೋಡು. ಆದ್ರೆ ಸತ್ತೋರ್ ಕೂಟೆ ಮಾತಾಡಾರ್ದು, ಮುಟ್ಟಾರ್ದು. ಇವನ್ ತಲೆ ಮ್ಯಾಲ್ ಕೈ ಮಡಗಿ ಆಣೆ ಮಾಡು."

ಅತ್ತೆ ಮಗನ ತಲೆಯನ್ನು ನೋಡಿದರು, ದೀಪವನ್ನು ನೋಡಿದರು, ಕೈ ಇಟ್ಟರು. ಆಣೆ ತಪ್ಪಿದರೆ ಸಾಯಬೇಕಾದವರು ನನ್ನ ಗಂಡ. ಅವರು ಒಂದು ಮಾತಾದರೂ ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಹರಳೆಣ್ಣೆ ಹಚ್ಚಿಸಿಕೊಳ್ಳುವವರ ಹಾಗೆ ತಲೆ ಬಗ್ಗಿಸಿ ಕೂತಿದ್ದರು. ಆಮೇಲಿನ ವರ್ಷಗಳಲ್ಲಿ, ಅತ್ತೆ ಗೂಡಲೂರಿನಲ್ಲಿ ಬಾಯಿಬಿಟ್ಟು ಮಾತಾಡಿಬಿಡಬೇಕಿತ್ತು, ಆಗಿದ್ದು ಆಗಲಿ ಅಂತ ನನಗೆ ಅನ್ನಿಸಿದ್ದುಂಟು. ಕಟ್ಟಿಕೊಂಡವಳು ಅನ್ನಬಾರದ ಮಾತು, ಆದರೂ ಅನ್ನಿಸಿದ್ದು ನಿಜ.

ಬಸ್ಸಿನಲ್ಲಿ ಮಾವ ಡ್ರೈವರನ ಪಕ್ಕದ ಸೀಟು ಹಿಡಿದರು. ನಾವು ಹೆಂಗಸರು ಹಿಂದೆ, ಅತ್ತೆ ಕಿಟಕಿಯ ಕಡೆಗೆ. ನಂಜನಗೂಡು, ಗುಂಡ್ಲುಪೇಟೆ ಕಳೆದವು. ಕಾಡಿನಲ್ಲಿ ಆನೆ ಕಂಡಿತೆಂದು ಬಸ್ಸಿಗೆ ಬಸ್ಸೇ ಎದ್ದು ನಿಂತಿತು, ಅತ್ತೆ ಏಳಲಿಲ್ಲ. ಗಡಿ ದಾಟಿದ ಮೇಲೆ ಅವರು ಸೆರಗಿನ ತುದಿಯನ್ನು ಎಂಜಲು ಮಾಡಿ ಮುಖ ಒರೆಸಿಕೊಂಡರು, ಕುಂಕುಮ ಸರಿಯಿದೆಯೇ ಅಂತ ನನ್ನನ್ನು ಕೇಳಿದರು. ಮದುವಣಗಿತ್ತಿಯೂ ಅಷ್ಟು ಸಲ ಕೇಳುವುದಿಲ್ಲ.

ಗೂಡಲೂರಿನಲ್ಲಿ ಆಕೆ ನಿಂತಿದ್ದರು. ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆದರೆ ಅತ್ತೆಯ ಮೂಗು, ಅತ್ತೆಯ ಹಣೆ, ಗುರುತು ಕೇಳಬೇಕಾಗಿರಲಿಲ್ಲ. ಕಂಕುಳಲ್ಲಿ ಮಗು. ಕಿಟಕಿಗಳನ್ನು ಒಂದೊಂದಾಗಿ ನೋಡುತ್ತ ಬಂದು ನಮ್ಮ ಕಿಟಕಿಯ ಕೆಳಗೆ ನಿಂತು, "ಅವ್ವ" ಅಂದರು.

ಅತ್ತೆ ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತುಬಿಟ್ಟರು. ಆಕೆ ಮಗುವನ್ನು ಕಿಟಕಿಯವರೆಗೆ ಎತ್ತಿ ಹಿಡಿದರು. ಮಗು ಕಂಬಿಯನ್ನು ಹಿಡಿದುಕೊಂಡಿತು. ಅದರ ಬೆರಳಿಗೂ ಅತ್ತೆಯ ಕೆನ್ನೆಗೂ ಗೇಣು ದೂರವೂ ಇರಲಿಲ್ಲ. ಅತ್ತೆಯ ತುಟಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮಾವ ಕಾಫಿಗೆ ಹೋಗಿರಲಿಲ್ಲ. ಬಸ್ಸಿನ ಮೂತಿಯ ಹತ್ತಿರ ನಿಂತು, ಮಗಳನ್ನೂ ನೋಡದೆ ಮೊಮ್ಮಗುವನ್ನೂ ನೋಡದೆ, ಹೆಂಡತಿಯ ಬಾಯನ್ನೇ ನೋಡುತ್ತಿದ್ದರು.

"ಯಾಕವ್ವ, ಮಾತಾಡಾಕಿಲ್ವಾ? ಬಾ ಅಂತ ಯೋಳ್ ಕಳ್ಸಿ ಸುಮ್ಕೆ ಕುಂತಿದ್ದೀಯಲ್ಲ."

ಅತ್ತೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮಿಟುಕಿಸಿದರೆ ಅಷ್ಟು ನೋಟ ನಷ್ಟವಾದೀತು ಅನ್ನುವ ಹಾಗೆ. ಆಣೆಯ ವಿಷಯ ತಿಳಿಯದ ಮಗಳಿಗೆ ಅದು ಕಲ್ಲಿನ ಮುಖದ ಹಾಗೆ ಕಂಡಿರಬೇಕು. ಆಕೆ ಅಪ್ಪನ ಕಡೆ ಒಮ್ಮೆ ತಿರುಗಿದರು, ಮಗುವಿನ ಕೈಯನ್ನು ಕಂಬಿಯಿಂದ ಬಿಡಿಸಿಕೊಂಡರು.

"ಸತ್ತೋಳು ಎಂಗವ್ಳೆ ಅಂತ ನೋಡಕ್ ಬಂದ್ರಾ? ನೋಡ್ಕಳಿ. ಇನ್ನೀ ಮಕ ನಿಮ್ ಕಣ್ಣಿಗ್ ಬೀಳಾಕಿಲ್ಲ ಬುಡು."

ಹಾಗಂದು ಹೊರಟರು. ಬಸ್ಸು ಗುರುಗುಟ್ಟಲು ಶುರುಮಾಡಿತ್ತು. ನನಗೆ ತಡೆಯಲಾಗಲಿಲ್ಲ. ಆಣೆ ಅತ್ತೆಯದು, ನನ್ನದಲ್ಲವಲ್ಲ. ಅವರ ಮೇಲೆ ಬಗ್ಗಿ ಕಿಟಕಿಯ ಕಂಬಿಗೆ ಮುಖ ಒತ್ತಿ ಕೂಗಿದೆ: "ಅತ್ಗೆ, ಆಣೆ ಆಕ್ಸವ್ರೆ ಕಣತ್ಗೆ, ತಮ್ಮನ್ ತಲೆ ಮ್ಯಾಲೆ. ಅದ್ಕೇ ಮಾತಾಡ್ನಿಲ್ಲ." ಆಕೆ ತಿರುಗಿ ನೋಡಲಿಲ್ಲ. ಬಸ್ಸು ಘಟ್ಟದ ಕಡೆ ಹೊರಳಿತು. ಆವತ್ತು ಊಟಿಯಲ್ಲಿ ರೂಮಿಗೆ ಹೋದ ಮೇಲೆ ಮಾವ ನನ್ನ ಕೆನ್ನೆಗೆ ಹೊಡೆಸಿದರು, ತಾವು ಸೊಸೆಯನ್ನು ಮುಟ್ಟುವುದಿಲ್ಲವಲ್ಲ, ನನ್ನ ಗಂಡನ ಕೈಯಲ್ಲಿ.

ಊಟಿ ಚೆನ್ನಾಗಿತ್ತಂತೆ. ಮಾವನೂ ಮಗನೂ ಕೆರೆ ನೋಡಿದರು, ದೊರೆಗಳ ಬಂಗಲೆ ನೋಡಿದರು, ಬೀಗರದಕ್ಕಿಂತ ಉದ್ದದ ಕೋಟು ಕೊಂಡರು. ನಾವಿಬ್ಬರೂ ರೂಮಿನಲ್ಲಿ ಒಂದೇ ಕಂಬಳಿ ಹೊದ್ದು ಕೂತಿದ್ದೆವು. ಅತ್ತೆ ಅಳಲಿಲ್ಲ. ಮಗು ಯಾರ ಹಾಗಿದೆ ಅಂತ ಒಂದು ಸಲ ಕೇಳಿದರು. ನಿಮ್ಮ ಹಾಗೆ ಅಂದೆ.

ಗುರುವಾರ ಸಂಜೆ ಮಾವ ಹೊಸ ಕೋಟಿನ ಜೇಬಿಗೆ ಕೈ ಹಾಕಿಕೊಂಡು ಬಾಗಿಲಲ್ಲಿ ನಿಂತರು.

"ವಾಪಸ್ ಎಂಗ್ ಓಗಾಣ? ಬಸ್ಸಾ, ರೈಲಾ, ಕಾರಾ? ಈ ಸಲ ನೀನೇ ಯೋಳು, ನೀ ಯೋಳ್ದಂಗೇ."

ಜೀವಮಾನದಲ್ಲಿ ಮೊದಲ ಸಲ ಅತ್ತೆಗೆ ಬೇಕಾದ್ದನ್ನು ಆರಿಸಿಕೊಳ್ಳಲು ಬಿಟ್ಟಿದ್ದರು. ಕರುಣೆಯಿಂದ ಅಲ್ಲ. ಗಾಯ ಎಷ್ಟು ಆಳಕ್ಕೆ ಇಳಿದಿದೆ ಅಂತ ಕಡ್ಡಿ ಹಾಕಿ ನೋಡುವ ಆಸೆ ಅವರಿಗೆ. ಅವರು ಆಚೆ ಹೋದ ಮೇಲೆ ನಾನು ಅತ್ತೆಯ ಕೈ ಹಿಡಿದುಕೊಂಡೆ.

"ಬಸ್ಸು ಅನ್ನಿ ಅತ್ತೆ. ನಾನ್ ಕೂಗಿದ್ದು ಅವ್ರಿಗೆ ಕೇಳ್ಸಿರ್ತದೆ. ನಾಳೆ ಬಂದ್ರೂ ಬರ್ಬೋದು."

"ಬರಾಕಿಲ್ಲ ಕಣವ್ವ. ನನ್ ಮಗ್ಳು ನಂಗೊತ್ತಿಲ್ವಾ, ಅಂದಿದ್ದ ಮಾಡೋಳು. ಅವ್ಳು ಇಲ್ದೇ ಇರೋ ಜಾಗ್ವ ನೋಡ್ಕಂಡ್ ಓಗೋ ಸಕ್ತಿ ನಂಗಿಲ್ಲ."

ರೈಲು ಅಂದರು. ಮಾವ ಸಂತೋಷವಾಗಿ ಒಪ್ಪಿದರು. ಬೆಟ್ಟದ ರೈಲಿನಲ್ಲಿ ಇಳಿದು, ಜೋಲಾರಪೇಟೆಯಲ್ಲಿ ಬದಲಿಸಿ, ಬೆಂಗಳೂರು, ಮೈಸೂರು ಸುತ್ತಿ ಎಡತೊರೆ ಮುಟ್ಟಿದೆವು. ದಾರಿಯುದ್ದಕ್ಕೂ ಅತ್ತೆ ಸೆರಗನ್ನು ಮುಖಕ್ಕೆ ಎಳೆದುಕೊಂಡು ಮಲಗಿದ್ದರು. ಎಡತೊರೆಯಲ್ಲಿ ಇಳಿದಾಗ ಬೀಗರು ಸ್ಟೇಷನ್ನಿಗೇ ಬಂದಿದ್ದರು. ಮಾವನ ಕೋಟನ್ನು ಮುಟ್ಟಿ ನೋಡಿ, ನಮ್ಮದಕ್ಕಿಂತ ಬಿರುಸು ಅಂದರು.

ಅದಾದ ಮೇಲೆ ಮೇಸ್ತ್ರಿ ನಮ್ಮ ಊರಿನ ಕಡೆ ಬರಲಿಲ್ಲ. ಮಾವ ಬರಗೊಡಲಿಲ್ಲ. ಕೆಲವು ವರ್ಷಕ್ಕೆ ಮಾವ ತೀರಿಕೊಂಡರು, ಹಿಂದೆಯೇ ಅತ್ತೆ. ಕಡೆಯವರೆಗೂ ಅತ್ತೆ ಮಗಳ ಮಾತೆತ್ತಲಿಲ್ಲ, ಪಿತೃಪಕ್ಷದ ಎಲೆಯನ್ನು ಮಾತ್ರ ಮಾವ ತೀರಿಕೊಂಡ ವರ್ಷವೇ ನಿಲ್ಲಿಸಿದ್ದರು.

ಅತ್ತೆಯ ತಿಥಿಯ ದಿನ, ಸುದ್ದಿ ಯಾರು ಮುಟ್ಟಿಸಿದರೋ, ಗೂಡಲೂರಿನಿಂದ ಆಕೆ ಬಂದರು. ಮಗು ಬೆಳೆದು ಸೊಂಟದೆತ್ತರವಾಗಿತ್ತು. ನನ್ನ ಗಂಡ ತಲೆ ಬಗ್ಗಿಸಿಕೊಂಡು ಹೊಲಕ್ಕೆ ಹೋದರು, ಅವರಿಗೆ ಗೊತ್ತಿದ್ದದ್ದು ಅದೊಂದೇ. ಆಕೆ ಒಳಗೆ ಬರಲು ಒಲ್ಲೆ ಅಂದರು. ಹಿತ್ತಿಲ ಕಲ್ಲಿನ ಮೇಲೆ ಕೂರಿಸಿ ಊಟ ಬಡಿಸಿದೆ. ಅನ್ನ ಕಲೆಸುತ್ತ ಅಂದರು:

"ನೀ ಕೂಗಿದ್ದು ಕೇಳುಸ್ತು ಕಣವ್ವ. ಸಿಟ್ಟಲ್ಲಿ ತಿರುಗ್ನಿಲ್ಲ. ಶುಕ್ರವಾರ ಮಗೀನೂ ಎತ್ಕಂಡು ಬೆಳಗಿಂದ ಅಲ್ಲೇ ನಿಂತಿದ್ದೆ. ಅವ್ವಂಗೆ, ನೀನು ಮಾತಾಡ್ಬೇಡ ಕಣವ್ವ, ನಾನೇ ಮಾತಾಡ್ತೀನಿ, ಕೇಳುಸ್ಕ ಸಾಕು ಅನ್ನಾಣ ಅಂತ. ಊಟಿಯಿಂದ ಬಂದ್ ಬಸ್ನೆಲ್ಲ ಅತ್ತಿ ನೋಡ್ದೆ. ನೀವ್ ಬರ್ನೇ ಇಲ್ಲ."

"ರೈಲಲ್ಲಿ ಬಂದ್ಬುಟ್ವಿ ಅತ್ಗೆ."

ಆಕೆಯ ಕೈ ಎಲೆಯ ಮೇಲೆ ನಿಂತಿತು. ತಲೆ ಎತ್ತಿ ಕೇಳಿದರು.

"ರೈಲು ಅಂದೋರ್ಯಾರು?"

ಆ ಕಣ್ಣುಗಳು ಅತ್ತೆಯ ಕಣ್ಣುಗಳೇ. ಕಿಟಕಿಯಲ್ಲಿ ಮಿಟುಕದೆ ನೋಡುತ್ತಿದ್ದವಲ್ಲ, ಅವೇ.

"ನಿಮ್ಮಪ್ಪ" ಅಂದೆ.

ಆಕೆ ತಲೆ ಆಡಿಸಿ ಊಟ ಮುಂದುವರಿಸಿದರು. ಆ ಮನುಷ್ಯ ಮಾಡಿದ್ದಕ್ಕೆಲ್ಲ ಬದುಕಿದ್ದಾಗ ಅವರನ್ನು ಕೇಳುವವರಿರಲಿಲ್ಲ. ಮಾಡದೆ ಇದ್ದ ಒಂದನ್ನು, ಸತ್ತ ಮೇಲೆ, ನಾನೇ ಅವರ ತಲೆಗೆ ಕಟ್ಟಿದೆ. ಇವತ್ತಿಗೂ ಅದು ಅಲ್ಲಿಯೇ ಇದೆ, ಇರಲಿ.