ತೋಳಕ್ಕೆ ಮೊಸರನ್ನ

ಮೇಧಾ, ಬೆಣ್ಣೆ ಓಡಿಹೋಗಲಿಲ್ಲ. ನಿನ್ನ ರೂಮಿನ ಬಾಗಿಲನ್ನು ನೀನು ಸರಿಯಾಗಿಯೇ ಹಾಕಿದ್ದೆ. ಅದನ್ನು ತೆರೆದವನು ನಾನು. ಮಂಚದ ಮೇಲೆ ಮಲಗಿದ್ದ ಬೆಕ್ಕನ್ನು ಎರಡು ಕೈಯಲ್ಲಿ ಎತ್ತಿ ತಂದು ಆ ಪ್ರಾಣಿಯ ಮುಂದೆ ಇಳಿಸಿದವನೂ ನಾನೇ. ಅದು ಸತ್ತದ್ದು ನಮ್ಮ ಹಾಲ್‌ನಲ್ಲಿ, ನನ್ನ ಕಣ್ಣೆದುರು. ಇಷ್ಟು ಬರೆಯುವುದಕ್ಕೆ ಇಪ್ಪತ್ತು ವರ್ಷಕ್ಕೂ ಮೇಲೆ ಬೇಕಾಯಿತು — ಬರೆದ ಮೇಲೆ ನೋಡಿದರೆ ಐದಾರು ಸಾಲು, ಅಷ್ಟೇ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಿನಗೆ ಒಂಬತ್ತು ವರ್ಷ. ಈ ಗಲ್ಫ್ ಊರಿನ ಮಿರ್ದಿಫ್‌ನಲ್ಲಿ ಕಂಪನಿ ಕೊಟ್ಟ ವಿಲ್ಲಾ, ಸುತ್ತ ಖಾಲಿ ಮರಳಿನ ಸೈಟುಗಳು. ಕಸದ ಡಬ್ಬದ ಪಕ್ಕ ಸಿಕ್ಕ ಎರಡು ಮರಿಗಳನ್ನು ನೀನು ಫ್ರಾಕಿನಲ್ಲಿ ಕಟ್ಟಿಕೊಂಡು ತಂದು, ಬೆಣ್ಣೆ, ಚುಕ್ಕಿ ಎಂದು ಹೆಸರಿಟ್ಟು ಸಾಕಿದ್ದೆ.

ಆ ಬೇಸಿಗೆ ನಮ್ಮ ಮ್ಯಾನೇಜರ್ ಎರಡು ತಿಂಗಳ ರಜೆಗೆ ತನ್ನ ದೇಶಕ್ಕೆ ಹೊರಟ. ಯಾರ ವೀಸಾ ಮುಂದುವರಿಯಬೇಕು, ಯಾರು ಗಂಟುಮೂಟೆ ಕಟ್ಟಬೇಕು ಎಂದು ತೀರ್ಮಾನಿಸುವ ಮನುಷ್ಯ ಅವನು. ತಾನು ಸಾಕಿದ್ದ ಶ್ಯಾಡೋ ಎಂಬ ಪ್ರಾಣಿಯನ್ನು ಯಾರು ನೋಡಿಕೊಳ್ಳುತ್ತೀರಿ ಎಂದು ಆಫೀಸಿನಲ್ಲಿ ಕೇಳಿದಾಗ ಎಲ್ಲರೂ ಫೈಲಿನಲ್ಲಿ ಮುಖ ಹುದುಗಿಸಿದರು. ನಾನು ಹಲ್ಲು ಕಿರಿದೆ. 'ನಮ್ಮ ಮನೆಯಲ್ಲಿ ಬಿಡಿ ಸರ್' ಎಂದೆ.

ಅವನು ನನಗೆ ಏನನ್ನೂ ಮುಚ್ಚಿಡಲಿಲ್ಲ. ತಾಯಿ ನಾಯಿ, ತಂದೆ ತೋಳ — ಸ್ಪಷ್ಟವಾಗಿ ಹೇಳಿದ. ಒಂದು ಹಾಳೆಯಲ್ಲಿ ಬರೆದೂ ಕೊಟ್ಟ. ದಿನವೂ ಹಸಿ ಮಾಂಸ ಹಾಕಬೇಕು. ಮನೆಯಲ್ಲಿ ಬೆಕ್ಕಿದ್ದರೆ ನಡುವೆ ಯಾವಾಗಲೂ ಎರಡು ಮುಚ್ಚಿದ ಬಾಗಿಲು ಇರಬೇಕು. ಎಷ್ಟೇ ಸಾಧುವಾಗಿ ಕಂಡರೂ ನಂಬಬಾರದು. ಆ ಹಾಳೆಯನ್ನು ನಾಲ್ಕಾಗಿ ಮಡಚಿ ಆಫೀಸಿನ ಡ್ರಾಯರಿಗೆ ಹಾಕಿದೆ. ನಿನ್ನ ಅಮ್ಮನಿಗೆ, 'ಅಲ್ಸೇಷಿಯನ್ ಥರಾನೇ, ಸ್ವಲ್ಪ ದೊಡ್ಡದು' ಎಂದೆ. ತೋಳ ಎಂದಿದ್ದರೆ ಅವಳು ಗೇಟಿನೊಳಗೆ ಬಿಡುತ್ತಿರಲಿಲ್ಲ. ಮಾಂಸ ಎಂದಿದ್ದರೆ — ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆ ನಮ್ಮದು. ಅವಳನ್ನು ಕೇಳಿಯಾದರೂ ನೋಡಬಹುದಿತ್ತು. ಕೇಳಲೇ ಇಲ್ಲ.

ಹೀಗೆ ಅರ್ಧ ತೋಳವೊಂದು ಮೈಸೂರಿನ ಬ್ರಾಹ್ಮಣರ ಮನೆಯಲ್ಲಿ ಎರಡು ಹೊತ್ತು ಮೊಸರನ್ನ ತಿನ್ನತೊಡಗಿತು. ಮೊದಲ ಮೂರು ದಿನ ಮೂಸಿ ಬಿಟ್ಟಿತು. ನಾಲ್ಕನೆಯ ದಿನ ಬೇಸಿನ್ ನೆಕ್ಕಿ ಖಾಲಿ ಮಾಡಿತು. ಹಸಿವು ಅದು — ನಾನು ಅದನ್ನು ಸಂಸ್ಕಾರ ಎಂದುಕೊಂಡೆ! ನಮ್ಮ ನಾಯಿ ಮೊಸರನ್ನ ತಿನ್ನುತ್ತದೆಂದು ಸಿಕ್ಕಸಿಕ್ಕವರ ಹತ್ತಿರ ಜಂಭ ಕೊಚ್ಚಿಕೊಂಡೆ. ಅದರ ಪಕ್ಕೆಲುಬು ಒಂದೊಂದಾಗಿ ಎಣಿಕೆಗೆ ಸಿಗುತ್ತಿದ್ದುದು ನನಗೆ ಕಾಣಿಸುತ್ತಿರಲಿಲ್ಲವೆಂದಲ್ಲ.

ಹೊರಗೆ ಕಟ್ಟಿಹಾಕಲು ಆ ಬಿಸಿಲಿನಲ್ಲಿ ಸಾಧ್ಯವಿರಲಿಲ್ಲ. ಏಸಿ ಇರುವ ಹಾಲ್‌ನಲ್ಲಿ ಅದು, ನಿನ್ನ ರೂಮಿನಲ್ಲಿ ಬೆಕ್ಕುಗಳು. ಎರಡು ಬಾಗಿಲಿನ ವಿಷಯ ನಿನಗೆ ಹೇಳಿರಲಿಲ್ಲ, ಆದರೂ ಅದು ಬಂದ ದಿನವೇ ನೀನಾಗಿ ನಿನ್ನ ಬಾಗಿಲಿಗೆ 'ಕ್ಯಾಟ್ಸ್ ಇನ್‌ಸೈಡ್' ಎಂದು ಬರೆದು ಅಂಟಿಸಿದೆ. ಒಂಬತ್ತು ವರ್ಷದ ಮಗುವಿಗೆ ಇದ್ದ ಬುದ್ಧಿ! ಚುಕ್ಕಿ ಬೀರುವಿನ ಮೇಲಿಂದ ಇಳಿಯುವುದನ್ನೇ ಬಿಟ್ಟಿತು. ಎಂದೂ ಹಾಗೆ ಮಾಡದ ಬೆಣ್ಣೆ ನಿನ್ನ ಹಾಸಿಗೆಯಲ್ಲೇ ಉಚ್ಚೆ ಹೊಯ್ಯತೊಡಗಿತು, ನಾನು ಅದನ್ನು ಗದರಿದೆ. ಶ್ಯಾಡೋ ಬೊಗಳುತ್ತಿರಲಿಲ್ಲ. ನಿನ್ನ ಬಾಗಿಲಿನ ಕೆಳಗಿನ ಸಂದಿಗೆ ಮೂಗು ಒತ್ತಿ ಗಂಟೆಗಟ್ಟಲೆ ಸುಮ್ಮನೆ ಮಲಗಿರುತ್ತಿತ್ತು. 'ನೋಡು, ಸ್ನೇಹ ಮಾಡಿಕೊಳ್ಳೋಕೆ ಎಷ್ಟು ಆಸೆ ಅದಕ್ಕೆ' ಎಂದು ನಿನ್ನ ಅಮ್ಮನಿಗೆ ತೋರಿಸಿದ್ದೆ.

ಆ ಶುಕ್ರವಾರ ಮಧ್ಯಾಹ್ನ ನೀನೂ ಅಮ್ಮನೂ ಯಾರದೋ ಹುಟ್ಟುಹಬ್ಬಕ್ಕೆ ಹೋಗಿದ್ದಿರಿ. ನಮ್ಮ ಕಂಪನಿಯ ಮುಸಫ್ಫಾ ವರ್ಕ್‌ಶಾಪಿನ ಶೇಖರಣ್ಣ ಅಬುಧಾಬಿಯಿಂದ ಊಟಕ್ಕೆ ಬಂದಿದ್ದರು — ಮಂಗಳೂರಿನವರು, ನಿನಗೆ ಚಾಕಲೇಟ್ ತರುತ್ತಿದ್ದರಲ್ಲ, ಅವರು. ಊಟವಾದ ಮೇಲೆ ಅವರೆದುರು ಶ್ಯಾಡೋಗೆ ಕೈಯಲ್ಲೇ ಮೊಸರನ್ನ ತಿನ್ನಿಸಿದೆ. ಗುಟ್ಟು ಬಿಟ್ಟುಕೊಟ್ಟೆ, 'ಇದು ತೋಳ ಕಣ್ರೀ, ಒಂದೇ ತಿಂಗಳಲ್ಲಿ ಹೇಗೆ ಮಾಡಿದೀನಿ ನೋಡಿ!' ತೋಳ ಹೀಗೆ ಪಳಗುತ್ತದೆಂದು ಅವರು ನಂಬಲಿಲ್ಲ. ಅವರು ನಂಬಲಿಲ್ಲವೆಂಬ ಒಂದೇ ಕಾರಣಕ್ಕೆ ನಾನು ಎದ್ದು ಹೋಗಿ ನಿನ್ನ ಬಾಗಿಲು ತೆರೆದೆ.

'ಬೇಡ ಮಾರಾಯ್ರೆ,' ಎಂದರು ಶೇಖರಣ್ಣ, 'ಬೆಕ್ಕನ್ನು ಒಳಗೆ ಬಿಟ್ಟು ಬನ್ನಿ. ಶ್ಯಾಡೋ ನೋಡುವ ಕ್ರಮ ಸರಿ ಇಲ್ಲ.'

ನನ್ನ ತೋಳಿನಲ್ಲಿ ಬೆಣ್ಣೆ ಉಗುರು ಊರಿತ್ತು. ಒಂದೊಂದೇ ಉಗುರು ಬಿಡಿಸಿದೆ, ಮೇಧಾ. ಬಿಡಿಸಿ ಕೆಳಗಿಳಿಸಿದೆ. ಅದು ಓಡಿತು. ಸೋಫಾದವರೆಗೂ ಹೋಗಲಿಲ್ಲ.

ಉಳಿದುದನ್ನು ಬರೆಯುವುದಿಲ್ಲ — ನಿನ್ನನ್ನು ಕಾಪಾಡಲು ಎಂದು ಮತ್ತೆ ಸುಳ್ಳು ಹೇಳಲಾರೆ, ನನ್ನ ಕೈಯಲ್ಲಿ ಆಗುತ್ತಿಲ್ಲ. ಮುಗಿದ ಮೇಲೆ ಶೇಖರಣ್ಣ 'ಖಲಾಸ್' ಎಂದರು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಮತ್ತೆಂದೂ ನಮ್ಮ ಮನೆಗೆ ಬರಲಿಲ್ಲ. ಶ್ಯಾಡೋ ತಪ್ಪು ಮಾಡಿತೆಂದು ನನಗೆ ಒಂದು ಕ್ಷಣವೂ ಅನಿಸಲಿಲ್ಲ. ಅಲ್ಲಿ ಅಸಹ್ಯ ಹುಟ್ಟಿಸುವಂಥದ್ದು ನಾನೊಬ್ಬನೇ ಇದ್ದೆ, ಕೈಯಲ್ಲಿ ಇನ್ನೂ ಮೊಸರನ್ನ ಮೆತ್ತಿತ್ತು. ಬೆಣ್ಣೆಯನ್ನು ಹಳೆಯ ಟವಲಿನಲ್ಲಿ ಸುತ್ತಿ, ಸೂಪರ್‌ಮಾರ್ಕೆಟ್ಟಿನ ಚೀಲಕ್ಕೆ ಹಾಕಿ, ಎರಡು ಬೀದಿ ಆಚೆಯ ಕಸದ ಡಬ್ಬಕ್ಕೆ ಎಸೆದು ಬಂದೆ. ನೆಲಕ್ಕೆ ಮೂರು ಸಲ ಫಿನಾಯಿಲ್ ಹಾಕಿ ಒರೆಸಿದೆ. ನಿನ್ನ ಅಮ್ಮ ಬಂದವಳೇ 'ಏನಿದು ವಾಸನೆ?' ಎಂದಳು. ನಾಯಿ ವಾಂತಿ ಮಾಡಿಕೊಂಡಿತು ಎಂದೆ. ನಿನಗೆ ಹೇಳಿದ್ದು ಬೇರೆ.

'ನಿನ್ನ ರೂಮಿನ ಬಾಗಿಲು ತೆಗೆದೇ ಇತ್ತು ಪುಟ್ಟಾ. ಹೋಗೋವಾಗ ಹಾಕ್ಲಿಲ್ಲ ಅಂತ ಕಾಣತ್ತೆ. ಬೆಣ್ಣೆ ಹೊರಗೆ ಓಡಿಹೋಗಿದೆ.'

'ಐ ಕ್ಲೋಸ್ಡ್ ಇಟ್, ಅಪ್ಪಾ' ಎಂದೆ ನೀನು.

ನಾನು ನಿನ್ನ ಮುಖವನ್ನೇ ನೋಡಿದೆ. ಆಗ ನೀನು, 'ಐ ಥಿಂಕ್ ಐ ಕ್ಲೋಸ್ಡ್ ಇಟ್' ಎಂದೆ. ಆ ಒಂದು 'ಐ ಥಿಂಕ್' — ನಿನಗೆ ನಿನ್ನ ಮೇಲಿದ್ದ ನಂಬಿಕೆ ಮುರಿಯುವುದನ್ನು ನಾನು ನಿಂತು ನೋಡಿದೆ, ನೋಡಿ ನಿಟ್ಟುಸಿರು ಬಿಟ್ಟೆ. ಬಚಾವಾದೆನಲ್ಲ ಎಂದು.

ಮೂರು ಸಂಜೆ ನಿನ್ನ ಕೈ ಹಿಡಿದು ಆ ಮರಳಿನಲ್ಲಿ 'ಬೆಣ್ಣೇ, ಬೆಣ್ಣೇ' ಎಂದು ಕೂಗುತ್ತ ತಿರುಗಿದೆ. ನಿನಗಿಂತ ಜೋರಾಗಿ ಕೂಗಿದೆ. ರಜೆ ಮುಗಿಸಿ ಬಂದ ಮ್ಯಾನೇಜರಿಗೆ ಏನೂ ತೊಂದರೆ ಆಗಲಿಲ್ಲ ಸರ್ ಎಂದೆ, ನನ್ನ ವೀಸಾ ಮುಂದುವರಿಯಿತು. ನೀನು ಚುಕ್ಕಿಯನ್ನು ನಿನ್ನ ಕ್ಲಾಸಿನ ಹುಡುಗಿಗೆ ಕೊಟ್ಟುಬಿಟ್ಟೆ. 'ನನ್ನ ಹತ್ತಿರ ಇದ್ದರೆ ಇದೂ ಹೋಗುತ್ತೆ' ಎಂದೆ ನೀನು. ನಾನು ಅದನ್ನೂ ತಡೆಯಲಿಲ್ಲ.

ನಾನು ಈಗ ಇದನ್ನು ಬರೆಯುತ್ತಿರುವುದು ನಿನ್ನ ಜುಮೇರಾ ಲೇಕ್ ಟವರ್ಸ್‌ನ ಫ್ಲ್ಯಾಟಿನಲ್ಲಿ ಕೂತು. ಬಂದು ಎರಡು ವಾರವಾಯಿತು. ನೀನು ಆಫೀಸಿಗೆ ಹೊರಡುವಾಗ ಲಿಫ್ಟಿನವರೆಗೆ ಹೋಗಿ ವಾಪಸು ಬಂದು ಬಾಗಿಲು ತಳ್ಳಿ ನೋಡುತ್ತೀ, ಮತ್ತೆ ಬಂದು ನೋಡುತ್ತೀ. ನಿನ್ನ ಮಗಳು ಮೊನ್ನೆ ಒಂದು ಬೆಕ್ಕಿನ ಮರಿ ಬೇಕೆಂದು ಹಟ ಹಿಡಿದಾಗ ನೀನು ನಗುನಗುತ್ತಲೇ, 'ಬೇಡಮ್ಮ, ಅಮ್ಮ ಬಾಗಿಲು ಹಾಕೋದು ಮರೀತಾಳೆ, ಅಜ್ಜನ್ನ ಕೇಳು ಬೇಕಾದ್ರೆ' ಎಂದೆ. ಆ ಮಗು ನನ್ನ ಕಡೆ ತಿರುಗಿ, 'ಈಸ್ ಇಟ್ ಟ್ರೂ, ಅಜ್ಜಾ?' ಎಂದಿತು. ನಾನು ಹೌದೆಂದು ತಲೆಯಾಡಿಸಿದೆ. ಈ ವಯಸ್ಸಿನಲ್ಲಿ — ಮತ್ತೊಮ್ಮೆ!

ನಾಳೆ ಬೆಳಿಗ್ಗೆ ನೀವೆಲ್ಲ ತಿಂಡಿಗೆ ಕೂತಾಗ ಇದನ್ನು ಗಟ್ಟಿಯಾಗಿ ಓದುತ್ತೇನೆ. ನಿನ್ನ ಮಗಳೆದುರಿಗೇ ಓದಬೇಕು.

ಒಂದು ಬಾಕಿ ಇದೆ. ಬೆಣ್ಣೆ ಹೋದ ಮರುವಾರ ನೀನು ನಿನ್ನ ಡ್ರಾಯಿಂಗ್ ಹಾಳೆಯಲ್ಲಿ ಕೆಂಪು ಕ್ರೆಯಾನಿನಿಂದ 'ಸಾರಿ ಅಪ್ಪಾ' ಎಂದು ಬರೆದು ತಂದುಕೊಟ್ಟೆ. ಕೊಟ್ಟು ತಲೆ ತಗ್ಗಿಸಿ ನಿಂತೆ. ನಾನು ಅದನ್ನು ಓದಿ, ನಿನ್ನ ತಲೆಯ ಮೇಲೆ ಕೈಯಿಟ್ಟು, ಬಹಳ ದೊಡ್ಡ ಮನಸ್ಸಿನವನಂತೆ, 'ಹೋಗ್ಲಿ ಬಿಡು, ನಾನು ಕ್ಷಮಿಸಿದೀನಿ' ಎಂದೆ. ನೀನು 'ಥ್ಯಾಂಕ್ಯೂ' ಎಂದೆ.